ಮೂರನೇ ದಿನದ ಬ್ರೆಡ್ಡು

“ಏನೇ ಹೇಳಿ ಅಣ್ಣಾ, ಈಗೀಗ ನಿಮ್ಮಂಗಡಿ ಬ್ರೆಡ್ಡಿನ ರುಚಿನೇ ಬೇರೆ,” ಎಂದಳು ಟೈಲರಮ್ಮ. ಅಳತೆಯ ಟೇಪು ಅವಳ ಕತ್ತಿನಲ್ಲಿ ಹಾಗೇ ಜೋತಾಡುತ್ತಿತ್ತು. “ನಮ್ಮ ಯಜಮಾನ್ರು ಮೊದಲೆಲ್ಲ ಎರಡು ತುಂಡು ತಿಂದು ಎದ್ದುಬಿಡೋರು. ಈಗ ಅರ್ಧ ಬ್ರೆಡ್ಡು ಅವರೊಬ್ಬರಿಗೇ ಬೇಕು. ಅತ್ತಿಗೆ ಅದೇನು ಹಾಕ್ತಾರೆ?”

“ಹಿಟ್ಟು, ನೀರು, ಉಪ್ಪು, ಯೀಸ್ಟು,” ಎಂದ ಬೇಕರಿಯವನು. “ನಾನು ಹಾಕ್ತಿದ್ದದ್ದೂ ಅದನ್ನೇ.”

“ಅದೇ ಇರಬಹುದು. ಆದ್ರೆ ಕೈಗುಣ ಅಂತ ಒಂದಿರತ್ತಲ್ಲ.”

ಬೇಕರಿಯವನು ಕೈಗವಸು ಹಾಕಿದ ಕೈಯಿಂದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ದಾರ ಬಿಗಿದ. ಎಷ್ಟು ಬಿಗಿದನೆಂದರೆ ಬ್ರೆಡ್ಡಿಗೆ ನಡುವೊಂದು ಮೂಡಿತು. ಟೈಲರಮ್ಮ ಅದನ್ನು ತಿರುಗಿಸಿ ನೋಡಿ, “ಒಳ್ಳೇ ಕುಪ್ಪಸ ಹೊಲಿದ ಹಾಗೆ ಕಟ್ಟಿದ್ದೀರಿ” ಎಂದು ನಕ್ಕು ಹೋದಳು.

ಅವನ ಬೆನ್ನ ಹಿಂದೆ ಗಾಜಿನ ಗೋಡೆಯಿತ್ತು. ಗೋಡೆಯ ಆಚೆ ಭಟ್ಟಿ. ಭಟ್ಟಿಯ ಮುಂದೆ ಹೆಂಡತಿ, ತಲೆಗೆ ಬಿಳಿ ಬಟ್ಟೆ ಬಿಗಿದು, ಉದ್ದ ಹಿಡಿಯ ಹಲಗೆಯಿಂದ ಬ್ರೆಡ್ಡುಗಳನ್ನು ಒಂದೊಂದಾಗಿ ಈಚೆಗೆ ಎಳೆಯುತ್ತಿದ್ದಳು. ಅವಳು ಹಲಗೆ ಹಿಡಿಯುವ ರೀತಿ ತಪ್ಪು ಎಂದು ಅವನಿಗೆ ಅನಿಸುತ್ತಿತ್ತು. ಎಡಗೈ ತೀರಾ ಮುಂದೆ. ಹಾಗೆ ಹಿಡಿದರೆ ಸಂಜೆ ಹೊತ್ತಿಗೆ ಭುಜ ಬಿದ್ದುಹೋಗುತ್ತದೆ. ಹತ್ತು ತಿಂಗಳಿಂದ ಅವಳ ಭುಜ ಬಿದ್ದುಹೋಗಿರಲಿಲ್ಲ. ಅದೂ ಅವನಿಗೆ ಸರಿಬರುತ್ತಿರಲಿಲ್ಲ.

ಇಪ್ಪತ್ನಾಲ್ಕು ವರ್ಷ ಆ ಭಟ್ಟಿ ಅವನದಾಗಿತ್ತು. ಅದಕ್ಕೂ ಮೊದಲು ಅವನ ಅಪ್ಪನದು. ಹೆಂಡತಿ ಮದುವೆಯಾಗಿ ಬಂದ ಮರುವಾರವೇ ಗಲ್ಲಾದ ಹಿಂದೆ ನಿಂತಿದ್ದಳು, ಅಲ್ಲೇ ನಿಂತಿದ್ದಳು. ಒಳಗೆ ಬರುತ್ತಿದ್ದದ್ದು ತಟ್ಟೆ ತೊಳೆಯಲು ಮಾತ್ರ. ಎಲ್ಲ ಹಾಗೇ ನಡೆದುಕೊಂಡು ಬರುತ್ತಿದ್ದಾಗ ಅವನು ಸೊರಗತೊಡಗಿದ. ಹೊಟ್ಟೆ ಉಬ್ಬುವುದು, ಬಾಯಿ ಹುಣ್ಣು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಮಾತ್ರೆ ನುಂಗಿದ, ರಕ್ತ ಏರಲಿಲ್ಲ. ಹಿಟ್ಟಿನ ಮೂಟೆ ಎತ್ತುತ್ತಿದ್ದವನು ಹಿಟ್ಟಿನ ಮೂಟೆಗೆ ಒರಗಿ ಕೂರುವ ಹಾಗಾದ. ಕೊನೆಗೆ ಒಬ್ಬ ಡಾಕ್ಟರು ಗಂಟಲಲ್ಲಿ ಕೊಳವೆ ಇಳಿಸಿ ಕರುಳಿನ ಚೂರೊಂದನ್ನು ತೆಗೆದು ಪರೀಕ್ಷೆ ಮಾಡಿಸಿ, “ಸೀಲಿಯಾಕ್” ಎಂದರು.

“ಹಾಗಂದ್ರೆ?”

“ಗೋಧಿಯಲ್ಲಿ ಒಂದು ಅಂಟು ಇರತ್ತೆ. ಗ್ಲುಟೆನ್ ಅಂತಾರೆ. ಅದು ಒಳಗೆ ಹೋದ್ರೆ ನಿಮ್ಮ ಮೈ ನಿಮ್ಮ ಕರುಳಿನ ಮೇಲೇ ಯುದ್ಧಕ್ಕೆ ನಿಲ್ಲತ್ತೆ. ಇದಕ್ಕೆ ಮಾತ್ರೆ ಇಲ್ಲ. ಗೋಧಿ, ಮೈದಾ, ರವೆ, ಬಾರ್ಲಿ, ಯಾವುದೂ ಬಾಯಿಗೆ ಹೋಗಬಾರದು. ಚೂರೂ ಹೋಗಬಾರದು. ನಿಮ್ಮ ಉದ್ಯೋಗ ಏನು?”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅವನು ಉದ್ಯೋಗ ಹೇಳಿದ. ಡಾಕ್ಟರು ಪೆನ್ನು ಕೆಳಗಿಟ್ಟರು.

ಹೀಗಾಗಿ ಅದಲುಬದಲಾಯಿತು. ಹಿಟ್ಟಿನ ದೂಳು ಉಸಿರಿನ ಜೊತೆ ಗಂಟಲಿಗೆ ಇಳಿದರೂ ಸಾಕು, ಕೆಡುತ್ತದೆ ಎಂದಿದ್ದರು. ಹೆಂಡತಿ ಬಡಗಿಯನ್ನು ಕರೆಸಿ ಗಾಜಿನ ಗೋಡೆ ಹಾಕಿಸಿದಳು. ತಟ್ಟೆ ಈಚೆ ತಳ್ಳಲು ಅದರಲ್ಲೊಂದು ಸಣ್ಣ ಕಿಟಕಿ. ಬೇಕರಿಯವನು ಮುಖಕ್ಕೆ ಬಟ್ಟೆ ಕಟ್ಟಿ, ಕೈಗವಸು ಹಾಕಿ ಗಲ್ಲಾದ ಹಿಂದೆ ನಿಂತ. ಮಹಡಿಯ ಮೇಲಿನ ಮನೆಯಲ್ಲಿ ಅವನಿಗೆ ಬೇರೆ ಬಾಣಲೆ, ಬೇರೆ ಚಾಕು, ಕೆಂಪು ದಾರ ಕಟ್ಟಿದ ಬೇರೆ ಸೌಟು. ಹೆಂಡತಿ ಭಟ್ಟಿಯ ಬಟ್ಟೆಯನ್ನು ಕೆಳಗೇ ಕಳಚಿ, ಕೆಳಗಿನ ಬಚ್ಚಲಲ್ಲೇ ಮಿಂದು, ಆಮೇಲೆ ಮೆಟ್ಟಿಲು ಹತ್ತುವಳು. ಆರು ತಿಂಗಳಲ್ಲಿ ಅವನು ಏಳು ಕೇಜಿ ಏರಿದ. ಆ ಯುದ್ಧ ಎಷ್ಟಿದೆ ಎಂದು ರಕ್ತದಲ್ಲಿ ಅಳೆಯುವ ಒಂದು ಅಂಕಿ ಅರ್ಧಕ್ಕೆ ಇಳಿದಿತ್ತು. “ಹೀಗೇ ಇಳೀತಿದ್ರೆ ಗಲ್ಲಾದಲ್ಲಿ ನಿಂತ್ಕೊಳ್ಳಿ. ಏರಿದ್ರೆ ಮಾತ್ರ ಆ ಅಂಗಡಿಯೊಳಗೇ ಕಾಲಿಡಬೇಡಿ,” ಎಂದಿದ್ದರು ಡಾಕ್ಟರು.

ಮೈ ಸರಿಹೋಯಿತು. ಮನಸ್ಸು ಕೆಟ್ಟಿತು. ಮೈಯಲ್ಲಿ ಶಕ್ತಿ ಇಲ್ಲದಾಗ ಹೊಟ್ಟೆಕಿಚ್ಚು ಪಡಲೂ ಅವನಿಗೆ ತ್ರಾಣ ಇರಲಿಲ್ಲ. ಏಳು ಕೇಜಿ ಏರಿದ ಮೇಲೆ ಅದಕ್ಕೂ ಬಲ ಬಂತು.

*

ಸಂಜೆ ಹೊತ್ತು ಪಕ್ಕದ ಬೀದಿಯಿಂದ ಅವನ ಅಕ್ಕ ಬರುತ್ತಿದ್ದಳು. ಬಾಯಿ ಚೂಪು, ಮನಸ್ಸು ಒಳ್ಳೆಯದು. ಆದರೆ ಮನಸ್ಸು ಕಾಣುವ ಮೊದಲು ಬಾಯಿ ಕೇಳಿಬಿಡುತ್ತಿತ್ತು.

“ಏನೋ, ಮುಖ ಯಾಕೆ ಹರಳೆಣ್ಣೆ ಕುಡಿದವನ ಹಾಗಿದೆ?”

“ಏನಿಲ್ಲ.”

“ನಿನ್ನ ಹೆಂಡತಿ ಬ್ರೆಡ್ಡು ಹೊಗಳಿದ್ರೇನೋ ಯಾರಾದ್ರೂ.”

“ನನಗ್ಯಾಕೆ ಅದು? ವ್ಯಾಪಾರ ಆದ್ರೆ ಸರಿ.”

“ಹೌದೌದು. ಅಪ್ಪ ನಿನಗೆ ಭಟ್ಟಿ ಬಿಟ್ಟುಕೊಟ್ಟಾಗ್ಲೂ ಹೀಗೇ ಅಂದಿದ್ರು. ಆಮೇಲೆ ಸಾಯೋ ತನಕ ನಿನ್ನ ಬ್ರೆಡ್ಡು ಉಪ್ಪು ಅಂದ್ರು.” ಅಕ್ಕ ಹೊಸ ಬ್ರೆಡ್ಡಿನ ತುದಿ ಮುರಿದು ಬಾಯಿಗೆ ಹಾಕಿಕೊಂಡಳು. ಅಗಿಯುತ್ತಾ ಕಣ್ಣು ಮುಚ್ಚಿದಳು. ಅದು ಅವನನ್ನು ಕೆಣಕಲೋ ನಿಜಕ್ಕೂ ರುಚಿಗೋ, ತಿಳಿಯಲಿಲ್ಲ. “ನೀನು ಮಾತ್ರ ಕೆಟ್ಟ ಹಣೆಬರಹ ಮಾಡ್ಕೊಂಡು ಬಂದೆ ಕಣೋ. ಊರೆಲ್ಲ ತಿಂದು ನೋಡಿದೆ, ನಿನಗೇ ಗೊತ್ತಿಲ್ಲ.”

ಮಾತಿನಲ್ಲಿ ತಪ್ಪಿರಲಿಲ್ಲ. ಹೊಗಳುವುದನ್ನು ಹೇಗೋ ಸಹಿಸಬಹುದಿತ್ತು. ಆದರೆ ಆ ಹೊಗಳಿಕೆ ನಿಜವೋ ಸುಳ್ಳೋ ಎಂದು ತಿಳಿಯದೆ ಇರುವುದಿದೆಯಲ್ಲ, ಅದು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ. ನೋಡಿದರೆ ಬಣ್ಣ ತಿಳಿಯುತ್ತದೆ. ತಳಕ್ಕೆ ಬೆರಳಿನಿಂದ ತಟ್ಟಿದರೆ ಬೆಂದಿದೆಯೋ ಇಲ್ಲವೋ ತಿಳಿಯುತ್ತದೆ. ಅಂಗಡಿಯಲ್ಲಿ ಯಾರೂ ಇಲ್ಲದಾಗ ಅವನು ಕೈಗವಸಿನ ಬೆರಳಿನಿಂದ ತಟ್ಟಿ ತಟ್ಟಿ ನೋಡುತ್ತಿದ್ದ. ಸದ್ದು ಸರಿಯಾಗೇ ಇರುತ್ತಿತ್ತು. ಆದರೆ ರುಚಿಯನ್ನು ಸದ್ದು ಹೇಳುವುದಿಲ್ಲ.

ಅವನ ಹೆಂಡತಿ ಹೊಗಳಿಕೆಯನ್ನು ತಲೆಗೇರಿಸಿಕೊಂಡವಳೂ ಅಲ್ಲ. ಹಾಗಿದ್ದಿದ್ದರೆ ಜಗಳವಾಡಬಹುದಿತ್ತು. ಯಾರಾದರೂ ಏನಾದರೂ ಹೇಳಿದರೆ, “ಎಲ್ಲಾ ಅವರು ಮಾಡ್ತಿದ್ದ ಹಾಗೇ ಮಾಡೋದು” ಎನ್ನುತ್ತಿದ್ದಳು. ಭಾನುವಾರ ಮನೆಯ ಪುಟ್ಟ ಓವನ್ನಿನಲ್ಲಿ ಅವನಿಗೆಂದು ಅಕ್ಕಿ ಹಿಟ್ಟು, ಜೋಳದ ಹಿಟ್ಟು, ಆಲೂಗಡ್ಡೆ ಪಿಷ್ಟ ಸೇರಿಸಿ ಬ್ರೆಡ್ಡು ಮಾಡುತ್ತಿದ್ದಳು. ಅಂಟಿಲ್ಲದ ಹಿಟ್ಟು, ನಿಲ್ಲುವುದಾದರೂ ಹೇಗೆ? ಒಂದು ವಾರ ನಡುವೆ ಕುಸಿಯುವುದು, ಇನ್ನೊಂದು ವಾರ ಕೊಯ್ದರೆ ಮರಳು.

“ಹೇಗಿದೆ?”

“ಗೋಡೆ ಕಟ್ಟೋರಿಗೆ ಕೊಟ್ರೆ ಖುಷಿಪಡ್ತಾರೆ.”

“ಮುಂದಿನ ವಾರ ಒಂದು ಮೊಟ್ಟೆ ಜಾಸ್ತಿ ಹಾಕ್ತೀನಿ,” ಎಂದು ಅವಳು ಬೇಸರವಿಲ್ಲದೆ ಹೇಳುವಳು. ಆ ಬೇಸರವಿಲ್ಲದ ದನಿಯೂ ಅವನಿಗೆ ಚುಚ್ಚುತ್ತಿತ್ತು. ಊರಿಗೆಲ್ಲ ಹೂವಿನಂಥ ಬ್ರೆಡ್ಡು, ನನಗೆ ಇಟ್ಟಿಗೆ ಎಂದುಕೊಳ್ಳುತ್ತಿದ್ದ. ಹಾಗೆ ಅಂದುಕೊಳ್ಳುವುದು ಅನ್ಯಾಯ ಎಂದು ಗೊತ್ತಿದ್ದೂ ಅಂದುಕೊಳ್ಳುತ್ತಿದ್ದ.

*

ಅಪ್ಪನ ಕಾಲದಿಂದ ಬಂದ ಪದ್ಧತಿ ಒಂದಿತ್ತು. ಮೊದಲ ತಟ್ಟೆಯ ಮೊದಲ ಬ್ರೆಡ್ಡನ್ನು ಮುರಿದು ತಿಂದು ನೋಡದೆ ಅಂಗಡಿಯ ಬಾಗಿಲು ತೆಗೆಯಬಾರದು. ಉಳಿದದ್ದನ್ನು ಎಸೆಯಲೂ ಬಾರದು. ಭಟ್ಟಿಯ ಪಕ್ಕ ಗೋಡೆಗೆ ಬಡಿದ ಹಲಗೆಯ ಮೇಲೆ ಬಟ್ಟೆ ಮುಚ್ಚಿ ಇಡಬೇಕು. ಮರುದಿನ ಒಂದು ಚೂರು, ಮೂರನೇ ದಿನ ಒಂದು ಚೂರು. ಬ್ರೆಡ್ಡು ಬಿಸಿಯಿದ್ದಾಗ ಯಾರ ಕೈಯದ್ದಾದರೂ ಚೆನ್ನಾಗೇ ಇರುತ್ತದೆ. ಮೂರನೇ ದಿನ ಹೇಗಿದೆ ಅನ್ನುವುದರಲ್ಲಿ ಮಾಡಿದವನ ಯೋಗ್ಯತೆ ತಿಳಿಯುತ್ತದೆ ಎನ್ನುತ್ತಿದ್ದ ಅಪ್ಪ. ಹಲಗೆಯ ಮೇಲೆ ಹಾಗಾಗಿ ಯಾವಾಗಲೂ ಮೂರು ಬ್ರೆಡ್ಡು. ಇಂದಿನದು, ನಿನ್ನೆಯದು, ಮೊನ್ನೆಯದು.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತಿತ್ತು. ಬೆಳಗಿನ ಜಾವ ಮೂರಕ್ಕೆ ಏಳುವ ಹೆಂಡತಿ ಆ ಹೊತ್ತಿನಲ್ಲಿ ಮಿಂದು, ಮೇಲೆ ಹೋಗಿ, ಅವನಿಗೆ ಊಟ ಬಡಿಸಿ ಒಂದು ಗಂಟೆ ಮಲಗುವಳು. ಟೈಲರಮ್ಮ ಕೈಗುಣದ ಮಾತಾಡಿದ ದಿನ ಅವಳು ಮಲಗಿದ ಮೇಲೆ ಬೇಕರಿಯವನು ಕೆಳಗಿಳಿದ. ಗಲ್ಲಾದ ಬೀಗ ನೋಡಿ ಬರುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ. ನೋಡಿದ. ಬೀಗ ಹಾಕಿತ್ತು. ಗಾಜಿನ ಬಾಗಿಲು ತೆರೆದು ಒಳಗೆ ಹೋದ.

ಭಟ್ಟಿ ಇನ್ನೂ ಬೆಚ್ಚಗಿತ್ತು. ಆ ಕಾವು ಮೊಣಕಾಲಿಗೆ ತಾಗಿದ್ದೇ ಅವನಿಗೆ ಹತ್ತು ತಿಂಗಳು ಬೇರೆ ಯಾರದೋ ಮನೆಯಲ್ಲಿದ್ದು ಬಂದ ಹಾಗಾಯಿತು. ಮೂಲೆಯಲ್ಲಿ ದೊಡ್ಡ ತೊಟ್ಟಿ, ಮೇಲೆ ಒದ್ದೆ ಬಟ್ಟೆ. ಎತ್ತಿ ನೋಡಿದ. ನಾಳೆಯ ಹಿಟ್ಟು. ಇವತ್ತೇ ಕಲೆಸಿಟ್ಟುಬಿಟ್ಟಿದ್ದಾಳೆ! ಅವನು ಬೆಳಗ್ಗೆ ಎದ್ದು ಕಲೆಸಿ, ಒಂದು ಗಂಟೆ ಬಿಡದೆ ನಾದುತ್ತಿದ್ದವನು. ಬೆವರು ಹಿಟ್ಟಿಗೆ ಬೀಳದಂತೆ ಹಣೆಗೆ ಪಟ್ಟಿ ಕಟ್ಟಿಕೊಂಡು ನಾದುತ್ತಿದ್ದ. ಇವಳ ತೋಳಿಗೆ ಅಷ್ಟು ಬಲ ಎಲ್ಲಿ? ಹಿಟ್ಟನ್ನು ನೀರು ನೀರಾಗಿ ಕಲೆಸಿ, ಸುಮ್ಮನೆ ಬಿಟ್ಟು, ನಡುನಡುವೆ ಸೀರೆ ಮಡಿಸುವ ಹಾಗೆ ನಾಲ್ಕು ಮಡಿಕೆ ಹಾಕುತ್ತಿದ್ದಳು. ಅವನು ತೋಳಿನಿಂದ ಮಾಡಿದ್ದನ್ನು ಅವಳು ಹೊತ್ತಿನಿಂದ ಮಾಡಿಸುತ್ತಿದ್ದಳು.

“ಸೋಮಾರಿ,” ಎಂದ ಮೆಲ್ಲಗೆ.

ಹಲಗೆಯ ಮೇಲಿನ ಬಟ್ಟೆ ಸರಿಸಿದ. ಇಂದಿನದನ್ನು ಮುಟ್ಟಿದರೆ ತಿಳಿದುಬಿಡುತ್ತದೆ. ಮೊನ್ನೆಯದು ಹೇಗೂ ಅಲ್ಲಲ್ಲಿ ಮುರಿದಿತ್ತು. ಉಗುರಿನಷ್ಟು ಚೂರು ಕಿತ್ತ. ಒಂದು ಚೂರಿನಿಂದ ಏನಾಗುತ್ತದೆ ಎಂಬುದನ್ನು ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. ಆ ಚಿತ್ರ ಕಣ್ಣ ಮುಂದೆ ಬಂತು. ಬಾಯಿಯ ಬಟ್ಟೆ ಕೆಳಗೆಳೆದು ಚೂರನ್ನು ನಾಲಗೆಯ ಮೇಲಿಟ್ಟುಕೊಂಡ.

ತಪ್ಪು ಹುಡುಕಲೆಂದೇ ಇಟ್ಟುಕೊಂಡದ್ದು. ಉಪ್ಪು ಹೆಚ್ಚೋ? ಇಲ್ಲ. ಕಡಿಮೆಯೋ? ಇಲ್ಲ. ಅವನ ಬ್ರೆಡ್ಡು ಮೂರನೇ ದಿನಕ್ಕೆ ಚಾಕು ತಾಗಿದರೆ ಪುಡಿಯಾಗುತ್ತಿತ್ತು. ಹಾಲಲ್ಲಿ ನೆನೆಸಿ ತಿನ್ನಬೇಕು. ಇದರ ಅಂಚು ಹಲ್ಲಿಗೆ ಗಟ್ಟಿ, ಒಳಗೆ ಇನ್ನೂ ತೇವ. ಅಗಿಯುತ್ತಾ ಹೋದಂತೆ ಕೆನ್ನೆಯ ಒಳಗೆ ಸಣ್ಣದೊಂದು ಹುಳಿ ಎದ್ದಿತು. ಅದರ ಹಿಂದೆ ಸಿಹಿ. ಅಪ್ಪನೂ ಇಂಥದನ್ನು ಮಾಡಿರಲಿಲ್ಲ.

ಬೇಕರಿಯವನು ಹಿಟ್ಟಿನ ಮೂಟೆಯ ಮೇಲೆ ಕೂತು ಇನ್ನೊಂದು ಚೂರು ಮುರಿದ. ಆಮೇಲೆ ಇನ್ನೊಂದು. ಆಸೆಯಿಂದಲ್ಲ, ಸಿಟ್ಟಿನಿಂದ ತಿಂದ. ಒಂದು ಹಿಡಿ ತಿಂದ ಮೇಲೆ ಅಂಗಿಯ ಮೇಲೆ ಬಿದ್ದ ಪುಡಿಯನ್ನು ಕೊಡವಿ, ಬಾಯಿ ತೊಳೆದು, ಮೆಟ್ಟಿಲು ಹತ್ತಿದ.

ಅಂದು ಸಂಜೆಯೊಳಗೆ ಹೊಟ್ಟೆ ಡೋಲಿನಂತಾಯಿತು. ಎರಡು ದಿನ ಬಚ್ಚಲಿಗೂ ಮಂಚಕ್ಕೂ ಓಡಾಡಿದ. ಹೆಂಡತಿ ಕೇಳಿದರೆ “ಹಾಲು ಕೆಟ್ಟಿತ್ತೇನೋ” ಎಂದ. ಅವಳು ಹಾಲು ಚೆಲ್ಲಿದಳು. ಬುದ್ಧಿ ಬಂತು, ಇನ್ನು ಮುಟ್ಟುವುದಿಲ್ಲ ಎಂದುಕೊಂಡ. ಹತ್ತು ದಿನ ಮುಟ್ಟಲಿಲ್ಲ. ಹನ್ನೊಂದನೇ ದಿನ ಯಾರೋ ಬೇರೆ ಬೀದಿಯಿಂದ ಬ್ರೆಡ್ಡು ಹುಡುಕಿಕೊಂಡು ಬಂದರು, ಮಧ್ಯಾಹ್ನ ಅವನು ಮತ್ತೆ ಕೆಳಗಿಳಿದ. ಇವತ್ತು ಕೆಟ್ಟಿರಬಹುದು ಎಂಬ ಆಸೆ. ಕೆಟ್ಟಿರಲಿಲ್ಲ. ಅಲ್ಲಿಂದ ಮುಂದೆ ಅದೊಂದು ಅಭ್ಯಾಸವಾಯಿತು. ದಿನಾ ಒಂದು ಚೂರು, ಹೆಚ್ಚಲ್ಲ. ಸಾಲ ಕೊಟ್ಟವನು ಇಣುಕಿ ಹೋಗುವ ಹಾಗೆ ಹೊಟ್ಟೆನೋವು ಬಂದು ಬಂದು ಹೋಗುತ್ತಿತ್ತು. ಬಾಯಿಯ ಹುಣ್ಣು ಮರಳಿತು.

*

ಹೆಂಡತಿ ಹುಡುಕತೊಡಗಿದಳು.

ಮೊದಲು ಅವನ ಬಾಣಲೆ ಎಸೆದು ಹೊಸದು ತಂದಳು. ಆಮೇಲೆ ಮಸಾಲೆ ಪುಡಿಗಳ ಪೊಟ್ಟಣಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಸಣ್ಣ ಅಕ್ಷರ ಓದಿದಳು. ಒಂದರಲ್ಲಿ ಗೋಧಿ ಸೇರಿರಬಹುದು ಎಂದಿತ್ತು. ಸಿಕ್ಕಿತು ಎಂದು ಅಷ್ಟನ್ನೂ ಕಸಕ್ಕೆ ಹಾಕಿದಳು. ಅವನ ಹೊಟ್ಟೆ ಸರಿಹೋಗಲಿಲ್ಲ. ಪರದೆ ಒಗೆದಳು. ಹಾಸಿಗೆ ಬಿಸಿಲಿಗೆ ಹಾಕಿದಳು. ದಿನಕ್ಕೆ ಎರಡು ಸಲ ತಲೆಗೆ ನೀರು ಹಾಕಿಕೊಳ್ಳಲು ಶುರುಮಾಡಿದಳು. ಒಂದು ದಿನ ಅವನು ನೋಡುತ್ತಾನೆ, ಕನ್ನಡಿಯ ಮುಂದೆ ನಿಂತು ಕಿವಿಯ ಹಿಂದೆಲ್ಲ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದಾಳೆ.

“ಏನೇ ಅದು?”

“ಹಿಟ್ಟು ಕೂದಲ ಬುಡದಲ್ಲಿ ಕೂತಿರತ್ತೆ ರೀ. ಕಾಣಲ್ಲ.”

ಆ ರಾತ್ರಿಯಿಂದ ಚಾಪೆ ತೆಗೆದುಕೊಂಡು ಹೋಗಿ ಹೊರಗಿನ ಕೋಣೆಯಲ್ಲಿ ಮಲಗಿದಳು.

ವರ್ಷದ ಪರೀಕ್ಷೆಯ ದಿನ ಡಾಕ್ಟರು ಕಾಗದವನ್ನು ಎರಡು ಸಲ ನೋಡಿದರು. “ಏರಿದೆಯಲ್ಲ! ಆರು ತಿಂಗಳ ಹಿಂದೆ ಇದ್ದದ್ದಕ್ಕಿಂತ ಜಾಸ್ತಿ ಇದೆ. ಹೊರಗೆ ಏನಾದ್ರೂ ತಿಂತಿದ್ದೀರಾ?”

“ಇಲ್ಲ.”

“ಅಂಗಡಿಯಲ್ಲಿ? ಗೊತ್ತಿಲ್ಲದೆ?”

“ಇಲ್ಲ,” ಎಂದ ಬೇಕರಿಯವನು. ಗೊತ್ತಿಲ್ಲದೆ ಏನೂ ತಿಂದಿರಲಿಲ್ಲ. ಅಷ್ಟು ಮಟ್ಟಿಗೆ ಅದು ನಿಜ.

ಹೆಂಡತಿ ಕುರ್ಚಿಯ ತುದಿಗೆ ಸರಿದಳು. “ನಾನು ಭಟ್ಟಿ ಹತ್ರ ಇರ್ತೀನಿ ಡಾಕ್ಟ್ರೇ. ನನ್ನ ಮೈಮೇಲಿಂದ ಅವರಿಗೆ ಹೋಗ್ತಿರಬಹುದಾ?”

“ಇರಬಹುದು. ಖಂಡಿತ ಅಂತ ಹೇಳೋಕಾಗಲ್ಲ. ಆದ್ರೆ ಎಲ್ಲಿಂದಲೋ ಹೋಗ್ತಿದೆ. ಹೀಗೇ ಬಿಟ್ರೆ ಮೂಳೆ ಟೊಳ್ಳಾಗತ್ತೆ, ಕರುಳಲ್ಲಿ ಇನ್ನೂ ಕೆಟ್ಟದ್ದು ಆಗಬಹುದು. ಈ ಸಲ ಸುಮ್ಮನೆ ಬಿಡೋ ಹಾಗಿಲ್ಲ.”

ಮನೆಗೆ ಬರುವಾಗ ಬಸ್ಸಿನಲ್ಲಿ ಅವಳು ಅವನ ಪಕ್ಕ ಕೂರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತಳು. ಸಿಟ್ಟಿನಿಂದಲ್ಲ. ಅವಳ ಸೆರಗು ಅವನಿಗೆ ತಾಗಬಾರದೆಂದು.

ಸಂಜೆ ಅಕ್ಕನೂ ಇದ್ದಾಗ ಹೆಂಡತಿ ಹೇಳಿದಳು. “ಸೋಮವಾರದಿಂದ ಭಟ್ಟಿ ಹಚ್ಚಲ್ಲ. ಫ್ಯಾಕ್ಟರಿ ವ್ಯಾನಿನವನ ಹತ್ರ ಮಾತಾಡಿದೀನಿ. ಕವರಿನಲ್ಲಿ ಹಾಕಿದ ಬ್ರೆಡ್ಡು ಬರತ್ತೆ. ಹಾಲು, ಮೊಟ್ಟೆ, ಬಿಸ್ಕತ್ತು ಮಾರೋಣ. ಹಿಟ್ಟು ಹಾರಲ್ಲ. ನೀವು ಗಲ್ಲಾದಲ್ಲಿ ನೆಮ್ಮದಿಯಾಗಿ ಕೂತ್ಕೋಬಹುದು.”

“ಮೂವತ್ತು ನಲವತ್ತು ವರ್ಷದ ಭಟ್ಟಿನೇ?” ಎಂದಳು ಅಕ್ಕ.

“ಅವರಿಗಿಂತ ಹೆಚ್ಚಾ ಅದು?”

ಅಕ್ಕ ಬಾಯಿ ಮುಚ್ಚಿದಳು. ಅವಳ ಬಾಯಿ ಮುಚ್ಚಿದ್ದು ಆ ಮನೆಯಲ್ಲಿ ಅದೇ ಮೊದಲು. ಇಬ್ಬರೂ ಅವನ ಕಡೆ ನೋಡಿದರು.

ಹೇಳಬೇಕಿತ್ತು. ಆಗ ಹೇಳಿಬಿಟ್ಟಿದ್ದರೆ ಅರ್ಧ ಗಂಟೆಯ ಜಗಳಕ್ಕೆ ಮುಗಿಯುತ್ತಿತ್ತು. ಆದರೆ ಭಟ್ಟಿ ಹಚ್ಚಲ್ಲ ಎಂದು ಅವಳು ಹೇಳಿದಾಗ ಅವನೊಳಗೆ ಯಾರೋ ಕಾಲು ಚಾಚಿ, ಬೆನ್ನು ಒರಗಿಸಿ ಕೂತ ಹಾಗಾಯಿತು. ಇನ್ನು ಯಾರೂ ಹೊಗಳುವುದಿಲ್ಲ. ಟೈಲರಮ್ಮ ಕವರಿನ ಬ್ರೆಡ್ಡು ಕೊಂಡು ಸುಮ್ಮನೆ ಹೋಗುತ್ತಾಳೆ. ಅವನಿಗಿಲ್ಲದ್ದು ಅವಳಿಗೂ ಇಲ್ಲ.

“ನಿನ್ನಿಷ್ಟ,” ಎಂದ.

*

ಶನಿವಾರ ಕೊನೆಯ ಭಟ್ಟಿ. ಸುದ್ದಿ ಬೀದಿಯೆಲ್ಲ ಹಬ್ಬಿತ್ತು. ಟೈಲರಮ್ಮ ನಾಲ್ಕು ಬ್ರೆಡ್ಡು ಕೊಂಡು, ಗಾಜಿಗೆ ಮುಖ ಒತ್ತಿ ಒಳಗೆ ಕೈಬೀಸಿದಳು. ಹೆಂಡತಿ ನಗಲಿಲ್ಲ. ಅವಳ ಕೈ ಮಾತ್ರ ಎಂದಿನ ಹಾಗೇ ನಡೆದಿತ್ತು. ಹಿಟ್ಟನ್ನು ತೊಟ್ಟಿಯಿಂದ ಎತ್ತುವಾಗ ಹಸುಗೂಸಿನ ತಲೆಗೆ ಕೈಕೊಡುವ ಹಾಗೆ ಅಡಿಗೆ ಕೈ ಕೊಡುತ್ತಿದ್ದಳು. ಬೇಕರಿಯವನು ನೋಡಬಾರದೆಂದು ಗಾಜಿಗೆ ಬೆನ್ನು ಮಾಡಿ ನಿಂತ.

ಹನ್ನೊಂದು ಗಂಟೆಗೆ ಲೆಕ್ಕದ ಮೇಷ್ಟ್ರು ಬಂದರು. ರಿಟೈರಾಗಿ ಹತ್ತು ವರ್ಷ. ಹಲ್ಲು ಕಟ್ಟಿಸಿಕೊಂಡವರು. ಅವನ ಅಪ್ಪನ ಕಾಲದಿಂದ ದಿನ ಬಿಟ್ಟು ದಿನ ಒಂದು ಬ್ರೆಡ್ಡು, ಕಡಿಮೆಯಿಲ್ಲ ಹೆಚ್ಚಿಲ್ಲ.

“ಭಟ್ಟಿ ನಿಲ್ಲಿಸ್ತೀರಂತೆ.”

“ಹೌದು ಮೇಷ್ಟ್ರೇ.”

“ಒಳ್ಳೇದೇ ಆಯ್ತು ಬಿಡಯ್ಯ. ಮುಖದ ಮೇಲೆ ಹೇಳಬಾರದು ಅಂತ ಸುಮ್ಮನಿದ್ದೆ. ನಿನ್ನ ಕೈ ಬ್ರೆಡ್ಡು ಬ್ರೆಡ್ಡು. ನಾದಿದ ಬ್ರೆಡ್ಡು. ಇದು ಬರೀ ಗಾಳಿ. ಹೆಂಗಸರ ತೋಳಲ್ಲಿ ಆ ಜೋರು ಎಲ್ಲಿಂದ ಬರಬೇಕು? ಜನ ಏನೋ ಹೊಸದು ಅಂತ ಕುಣೀತಾರೆ.”

ಒಂದು ವರ್ಷದಿಂದ ಈ ಮಾತಿಗೆ ಕಾದಿದ್ದ. ಒಬ್ಬರಾದರೂ ಹೇಳಲಿ ಎಂದು ಪ್ರತಿ ಗಿರಾಕಿಯ ಬಾಯಿ ನೋಡಿದ್ದ. ಈಗ ಬಂತು. ಒಂದು ಉಸಿರಿನಷ್ಟು ಹೊತ್ತು ಹಾಯೆನಿಸಿತು. ಬೆನ್ನ ಹಿಂದೆ ಕಿಟಕಿ ಸರಿದ ಸದ್ದಾಯಿತು. ಹೆಂಡತಿ ತಟ್ಟೆಯನ್ನು ಈಚೆ ತಳ್ಳುತ್ತಿದ್ದಳು. ಅವಳಿಗೂ ಕೇಳಿಸಿರಬೇಕು. ಕೇಳಲಿ.

“ಅದೂ ಅಲ್ಲದೆ,” ಎಂದರು ಮೇಷ್ಟ್ರು, “ಎರಡನೇ ದಿನಕ್ಕೇ ಒಣಗಿ ಹೋಗತ್ತೆ ಇದು.”

“ಒಣಗತ್ತಾ?”

“ಕಟ್ಟಿಗೆ.”

“ಯಾವುದರಲ್ಲಿ ಇಡ್ತೀರಿ?”

“ಯಾವುದರಲ್ಲಿ ಅಂದ್ರೆ? ಹಾಗೇ ಮೇಜಿನ ಮೇಲೆ.”

“ಗಾಳಿಗೆ ಬಿಟ್ರೆ ಏನು ಉಳಿಯತ್ತೆ ಮೇಷ್ಟ್ರೇ? ನೀವೂ ಒಣಗ್ತೀರಿ.”

“ಅಯ್ಯ, ನಿನ್ನನ್ನೇ ಅಲ್ವೇನಯ್ಯ ಹೊಗಳಿದ್ದು ನಾನು?”

“ಹೊಗಳಿ, ಬೇಡ ಅಂದೆನಾ? ಸುಳ್ಳು ಹೇಳಿ ಹೊಗಳಬೇಡಿ.” ಬೇಕರಿಯವನಿಗೆ ತನ್ನ ದನಿ ಏರಿದ್ದು ಗೊತ್ತಾಗಲಿಲ್ಲ. ಬ್ರೆಡ್ಡಿನ ವಿಷಯದಲ್ಲಿ ತಪ್ಪು ಮಾತು ಕೇಳಿ ಸುಮ್ಮನಿದ್ದು ಅವನಿಗೆ ಅಭ್ಯಾಸವಿರಲಿಲ್ಲ. “ನಂದು ಮೂರನೇ ದಿನಕ್ಕೆ ಪುಡಿಯಾಗ್ತಿತ್ತು. ನೀವೇ ಹಾಲಲ್ಲಿ ಅದ್ದಿ ತಿಂತಿದ್ರಿ. ಇದನ್ನ ಬಟ್ಟೇಲಿ ಸುತ್ತಿಟ್ಟು ಮೂರನೇ ದಿನ ತಿಂದು ನೋಡಿ. ಅಂಚು ಗಟ್ಟಿ, ಒಳಗೆ ಇನ್ನೂ ತೇವ ಇರತ್ತೆ. ಅಗೀತಾ ಅಗೀತಾ ಕೆನ್ನೆ ಒಳಗೆ ಒಂಚೂರು ಹುಳಿ ಬರತ್ತೆ, ಅದರ ಹಿಂದೆನೇ ಸಿಹಿ. ನಾನಿರಲಿ, ನಮ್ಮಪ್ಪನ ಕೈಲೂ ಇಂಥದ್ದು...”

ಅಲ್ಲಿಗೆ ನಿಂತ.

ಕಿಟಕಿಯಲ್ಲಿ ತಟ್ಟೆ ಅರ್ಧ ಈಚೆ, ಅರ್ಧ ಆಚೆ ನಿಂತಿತ್ತು. ಮೇಷ್ಟ್ರು ಒಮ್ಮೆ ಇವನನ್ನು, ಒಮ್ಮೆ ಕಿಟಕಿಯನ್ನು ನೋಡಿ, “ನೀನು ಇದನ್ನ ತಿನ್ನೋ ಹಾಗಿಲ್ಲ ಅಂದಿದ್ರಲ್ಲ?” ಎಂದರು.

ಗಾಜಿನ ಬಾಗಿಲು ತೆರೆಯಿತು. ಹೆಂಡತಿ ಮೊಣಕೈವರೆಗೆ ಹಿಟ್ಟಿನೊಂದಿಗೆ ಹೊಸ್ತಿಲವರೆಗೆ ಬಂದು ಅಲ್ಲೇ ನಿಂತಳು.

“ಮೇಷ್ಟ್ರೇ, ಒಂದೈದು ನಿಮಿಷ ಹೊರಗಿರಿ.”

ಮೇಷ್ಟ್ರು ಹೋದರು. ಅವಳು ಕೈಯ ಹಿಟ್ಟು ಉದುರದಂತೆ ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದಿದ್ದಳು.

“ಎಷ್ಟು ದಿನದಿಂದ?”

“ಎರಡು ತಿಂಗಳು.”

“ದಿನಾನಾ?”

“ಮೊದಲು ಒಂದ್ಸಲ. ಆಮೇಲೆ... ದಿನಾ ಒಂದು ಚೂರು.”

“ಯಾಕೆ?”

ಅವನ ಬಳಿ ಒಂದೇ ಉತ್ತರವಿತ್ತು, ಅದು ಅಂಗಡಿಯಲ್ಲಿ ನಿಂತು ಹೇಳುವಂಥದ್ದಾಗಿರಲಿಲ್ಲ. “ಎಲ್ಲಾರೂ ಚೆನ್ನಾಗಿದೆ ಅಂತಿದ್ರು,” ಎಂದ. “ಇಲ್ಲ ಅಂತ ಗೊತ್ತು ಮಾಡ್ಕೋಬೇಕಿತ್ತು ನನಗೆ.”

ಅವಳು ಗದ್ದದಿಂದಲೇ ಗಲ್ಲಾ ತೋರಿಸಿದಳು.

“ಇಪ್ಪತ್ನಾಲ್ಕು ವರ್ಷ ಈ ಗಲ್ಲಾ ಹಿಂದೆ ನಿಂತಿದ್ದೆ ನಾನು,” ಎಂದಳು. “ಬಂದವರೆಲ್ಲ ನಿಮ್ಮನ್ನ ಹೊಗಳಿ ಹೋಗೋರು. ಹೂಂ ಹೂಂ ಅಂತಿದ್ದೆ. ನನಗೆ ಏನೂ ಆಗ್ತಿರಲಿಲ್ಲ ಅಂದ್ಕೊಂಡಿದ್ರಾ? ಆ ತೊಟ್ಟೀಲಿ ಒಂದ್ಸಲ ಕೈ ಹಾಕ್ತೀನಿ ಅಂದ್ರೆ, ನಿನಗ್ಯಾಕೆ ಅದೆಲ್ಲ ಅಂದ್ರಿ. ಸರಿ ಅಂತ ತಟ್ಟೆ ತೊಳೆದೆ. ಹೊಟ್ಟೆ ಉರಿದ್ರೆ ಉರೀಲಿ ರೀ, ಯಾರಿಗೆ ಉರಿಯಲ್ಲ? ಆದ್ರೆ ನನ್ನ ಗಂಡನಿಗೆ ನಾನೇ ವಿಷ ಹಾಕ್ತಿದೀನಿ ಅಂತ ಎರಡು ತಿಂಗಳು ತಲೆಕೂದಲು ಉಜ್ಜಿದೆ. ಚರ್ಮ ಕಿತ್ತು ಬಂತು. ಅದನ್ನ ನೋಡ್ತಾ ಕೂತಿದ್ರಲ್ಲ ನೀವು.”

“ತಪ್ಪಾಯ್ತು.”

“ಭಟ್ಟಿ ನಿಲ್ಲಿಸ್ತೀನಿ ಅಂದಾಗ್ಲೂ ನಿನ್ನಿಷ್ಟ ಅಂದ್ರಿ.”

ಅದಕ್ಕೆ ಅವನು ತಪ್ಪಾಯ್ತು ಎನ್ನಲಿಲ್ಲ. ಅದಕ್ಕೆ ಆ ಮಾತು ಸಾಲದೆಂದು ಅವನಿಗೂ ತಿಳಿದಿತ್ತು.

ಅವಳ ಕಣ್ಣು ತುಂಬಿತ್ತು, ಕೈಯಲ್ಲಿ ಹಿಟ್ಟಿದ್ದರಿಂದ ಒರೆಸಿಕೊಳ್ಳಲಾಗಲಿಲ್ಲ. ಅವನು ಒರೆಸಲು ಒಂದು ಹೆಜ್ಜೆ ಮುಂದಿಟ್ಟ. “ಅಲ್ಲೇ ನಿಂತ್ಕೊಳ್ಳಿ,” ಎಂದು ಅವಳು ಗದರಿದಳು. “ಮೈಯೆಲ್ಲ ಹಿಟ್ಟಿದೆ.” ಆಮೇಲೆ ಮೂಗೆಳೆದುಕೊಂಡು, ಗಿರಾಕಿಗೆ ಹೇಳುವ ದನಿಯಲ್ಲಿ ಹೇಳಿದಳು: “ವ್ಯಾನಿನವನಿಗೆ ಬೇಡ ಅಂತೀನಿ. ಸೋಮವಾರ ಭಟ್ಟಿ ಹಚ್ತೀನಿ. ಗಲ್ಲಾಗೆ ನಿಮ್ಮಕ್ಕ ಬರ್ತಾರೆ. ನೀವು ಅಂಗಡಿಯೊಳಗೆ ಕಾಲಿಡಬಾರದು. ಬೀಗದ ಕೈ ಅಲ್ಲಿಟ್ಟು ಮೇಲೆ ಹೋಗಿ.”

ಅವನು ಜೇಬಿನಿಂದ ಬೀಗದ ಕೈ ತೆಗೆದು ಗಲ್ಲಾದ ಮೇಲಿಟ್ಟ. ಹೊರಡುವಾಗ ತಿರುಗಿ, “ಹಲಗೆ ಹಿಡಿಯುವಾಗ ಎಡಗೈ ಒಂಚೂರು ಹಿಂದಿಟ್ಕೋ,” ಎಂದ.

“ನನಗೆ ಹೀಗೇ ಸರಿ,” ಎಂದಳು ಅವಳು.

*

ಸೋಮವಾರ ಬೆಳಗ್ಗೆ ಮನೆಯಲ್ಲಿ ಕೂರಲಾಗದೆ ಬೇಕರಿಯವನು ಡಬ್ಬಿಯಲ್ಲಿ ಅವಳು ಕಟ್ಟಿಟ್ಟಿದ್ದ ಅನ್ನ ತೆಗೆದುಕೊಂಡು, ಬೀದಿ ದಾಟಿ, ಅಂಗಡಿಯ ಎದುರಿನ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತ. ಬಸ್ಸು ಬಂತು, ಹೋಯಿತು. ಕಂಡಕ್ಟರು ಹತ್ತುತ್ತೀರಾ ಎಂಬಂತೆ ನೋಡಿದ. ಅವನು ಕೈಯಲ್ಲೇ ಇಲ್ಲ ಎಂದ.

ಅಂಗಡಿಯಲ್ಲಿ ಅಕ್ಕನ ದನಿ ಬೀದಿಯವರೆಗೂ ಕೇಳುತ್ತಿತ್ತು. ಯಾರಿಗೋ ಚಿಲ್ಲರೆ ತರಬೇಕಿತ್ತು ಎಂದು ಬೈಯುತ್ತಿದ್ದಳು. ಗಾಜು ಮಂಜಾಗಿತ್ತು, ಅದರ ಆಚೆ ಬಿಳಿ ಬಟ್ಟೆ ಕಟ್ಟಿದ ತಲೆ ಅತ್ತಿಂದಿತ್ತ ಹೋಗುವುದಷ್ಟೇ ಕಾಣುತ್ತಿತ್ತು. ಗಾಳಿ ಈ ಕಡೆ ಬೀಸಿದಾಗ ವಾಸನೆ ಬರುತ್ತಿತ್ತು. ವಾಸನೆಗೆ ಡಾಕ್ಟರು ಏನೂ ಅಂದಿರಲಿಲ್ಲ.

ಎಂಟು ಗಂಟೆಗೆ ಲೆಕ್ಕದ ಮೇಷ್ಟ್ರು ಹೊರಗೆ ಬಂದರು. ಕಂಕುಳಲ್ಲಿ ಒಂದು ಬ್ರೆಡ್ಡು, ಕೈಯಲ್ಲಿ ಇನ್ನೊಂದು. ಮೆಟ್ಟಿಲಿಳಿದು, ಆಚೀಚೆ ನೋಡಿ, ಕೈಯಲ್ಲಿದ್ದುದರ ತುದಿ ಮುರಿದು ಬಾಯಿಗೆ ಹಾಕಿಕೊಂಡರು. ಕಟ್ಟಿಸಿದ ಹಲ್ಲು, ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳಿ ನಿಧಾನವಾಗಿ ಅಗಿದರು. ಅಗಿಯುತ್ತಾ ದಾರಿಯಲ್ಲೇ ನಿಂತರು.

ಈಚೆ ಬೆಂಚಿನ ಮೇಲೆ, ಮುಚ್ಚಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವನ ಖಾಲಿ ಬಾಯಿಯೂ ಅವರ ಜೊತೆಜೊತೆಗೇ ಅಲ್ಲಾಡುತ್ತಿತ್ತು.